ಬಸ್ಸಿನಲ್ಲಿ ಬರುತ್ತಿದ್ದ ಬೈಕ್ ಮಾಸ್ಟರ್

ಮಾಸ್ಟರ್ ತೀರಿಕೊಂಡ ಮೇಲೆ ಅವರ ಶಿಷ್ಯರ ವಾಟ್ಸಾಪ್ ಗುಂಪಿನಲ್ಲಿ ಒಂದು ತೀರ್ಮಾನವಾಯಿತು. ಅವರ ಬಗ್ಗೆ ಒಬ್ಬರು ತಮಿಳಿನಲ್ಲಿ, ಒಬ್ಬರು ಕನ್ನಡದಲ್ಲಿ ನಾಲ್ಕು ಮಾತು ಬರೆಯಬೇಕು ಅಂತ. ಹೊಸೂರಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನಾನು ಮಾಲೂರು ಕಡೆಯವನು, ಶಾಲೆಯಲ್ಲಿ ಕನ್ನಡ ಓದಿದವನು. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು. ತಮಿಳಿನವರು ಎರಡೇ ದಿನದಲ್ಲಿ ಬರೆದು ಹಾಕಿದರು. ನಾನು ಮೂರು ವಾರದಿಂದ ಕೂತಿದ್ದೇನೆ. ಸೋಮಾರಿತನ ಅಂತ ಅವರೆಲ್ಲ ಅಂದುಕೊಂಡಿದ್ದಾರೆ. ನಿಜ ಏನೆಂದರೆ, ಆ ಮನುಷ್ಯನ ಬಗ್ಗೆ ನಾನು ಒಂದು ವಾಕ್ಯ ಬರೆದರೆ ಅದಕ್ಕೆ ವಿರುದ್ಧವಾದ ಇನ್ನೊಂದು ವಾಕ್ಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ, ಮತ್ತು ಎರಡೂ ನಿಜ.

ಉದಾಹರಣೆಗೆ, ಮೋಟಾರ್ ಸೈಕಲ್ ಓಡಿಸುವುದರ ಬಗ್ಗೆ ಅವರಷ್ಟು ತಿಳಿದವರನ್ನು ನಾನು ನೋಡಿಲ್ಲ. ಆದರೆ ಅವರು ನಮಗೆ ಪಾಠ ಹೇಳಲು ಬರುತ್ತಿದ್ದದ್ದು ಬೇರಿಕೆಯಿಂದ ಬರುವ ಟೌನ್ ಬಸ್ಸಿನಲ್ಲಿ.

ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಆ ಬಸ್ಸು ಬಾಗಲೂರು ರಸ್ತೆಯಲ್ಲಿ ಒಂದು ಲೇಔಟಿನ ಕಮಾನಿನ ಮುಂದೆ ನಿಲ್ಲುತ್ತಿತ್ತು. ಕಮಾನು ಜೋರಾಗಿತ್ತು, ಒಳಗೆ ಟಾರು ಹಾಕಿದ ಅಡ್ಡ ರಸ್ತೆ, ಉದ್ದ ರಸ್ತೆ ಎಲ್ಲ ಇದ್ದವು, ಮನೆ ಮಾತ್ರ ಒಂದೂ ಇರಲಿಲ್ಲ. ಸೈಟಿನ ಮೂಲೆಗಳಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು. ಅದೇ ನಮ್ಮ ಮೈದಾನ. ಮಾಸ್ಟರ್ ಬಸ್ಸಿನ ಹಿಂದಿನ ಬಾಗಿಲಿನಿಂದ ನಿಧಾನವಾಗಿ ಇಳಿಯುತ್ತಿದ್ದರು. ಕುಳ್ಳಗಿನ ಆಳು, ತೆಳ್ಳಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಹೆಲ್ಮೆಟ್. ಬಸ್ಸಿನಲ್ಲಿ ಬರುವವರಿಗೆ ಹೆಲ್ಮೆಟ್ ಯಾಕೆ ಅಂತ ಮೊದಲ ದಿನವೇ ನನಗೆ ತಲೆಕೆಟ್ಟಿತ್ತು. ಕೇಳಿದೆ. "ಅಭ್ಯಾಸ ಕಣಪ್ಪ" ಅಂದರು.

ಗಾಡಿ ಯಾಕೆ ಓಡಿಸುವುದಿಲ್ಲ ಅಂತಲೂ ಕೇಳಿದೆ. "ಮಂಡಿ ನೋವು" ಅಂದರು. ನನ್ನ ಜೊತೆ ಕಲಿಯಲು ಬರುತ್ತಿದ್ದ ಇನ್ಶೂರೆನ್ಸ್ ಏಜೆಂಟರಿಗೆ ಕಣ್ಣು ಮಂಜಾಗಿದೆ ಅಂದಿದ್ದರಂತೆ. ಒಬ್ಬರು ನರ್ಸ್ ಬರುತ್ತಿದ್ದರು, ಅವರಿಗೆ ಲೈಸೆನ್ಸ್ ಮುಗಿದುಹೋಗಿದೆ ಅಂದಿದ್ದರಂತೆ. ನರ್ಸಿಗೆ ಮಂಡಿ ಮತ್ತು ಕಣ್ಣಿನ ಸುಳ್ಳು ಹೇಳಲು ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ. ನಾವು ಮೂವರೂ ಸೇರಿ ಹೋಲಿಸಿ ನೋಡಿ, ಯಾವುದೂ ಕೂಡಿ ಬರದೆ, ಎಲ್ಲೋ ಯಾರನ್ನೋ ಗುದ್ದಿ ಸಾಯಿಸಿರಬೇಕು ಅಂತ ತೀರ್ಮಾನಿಸಿದೆವು. ನಾಲಿಗೆಗೆ ಎಲುಬಿಲ್ಲ ನೋಡಿ, ಆ ಊಹೆಯನ್ನು ಮೊದಲು ಬಾಯಿಬಿಟ್ಟು ಹೇಳಿದವನು ನಾನೇ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವರ ಬಗ್ಗೆ ಖಚಿತವಾಗಿ ಗೊತ್ತಿದ್ದದ್ದು ಇಷ್ಟು. ಮೂವತ್ತು ವರ್ಷ ಒಂದು ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಟೆಸ್ಟ್ ರೈಡರ್ ಆಗಿದ್ದರು. ಹೊಸ ಗಾಡಿಗಳನ್ನು ಕಾಂಪೌಂಡಿನೊಳಗಿನ ಟ್ರ್ಯಾಕಿನಲ್ಲಿ ಓಡಿಸಿ ನೋಡಿ, ಸರಿಯಿದೆ ಅಥವಾ ಸರಿಯಿಲ್ಲ ಅಂತ ಬರೆಯುವ ಕೆಲಸ. ರಿಟೈರ್ ಆದ ಮೇಲೆ ಈ ಭಾನುವಾರದ ಪಾಠ ಶುರು ಮಾಡಿದರು. ಗಾಡಿ ಓಡಿಸಲು ಬಾರದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. "ಬರಲ್ಲ ಅನ್ನೋರ್ಗೆ ಹೇಳ್ಕೊಡೋಕೆ ಡ್ರೈವಿಂಗ್ ಸ್ಕೂಲ್ ಐತೆ. ನಂಗೆ ಬತ್ತದೆ ಅನ್ನೋರ್ನ ಕಳ್ಸಿ" ಅನ್ನುತ್ತಿದ್ದರು.

ನನಗೆ ಬರುತ್ತದೆ ಅಂತ ನಾನು ಇಪ್ಪತ್ತು ವರ್ಷದಿಂದ ನಂಬಿದ್ದೆ. ಆ ನಂಬಿಕೆ ಕೆಟ್ಟದ್ದು ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಇಳಿಯುವ ಘಾಟಿಯಲ್ಲಿ. ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಅಂಚೆಟ್ಟಿಯಲ್ಲಿ ಮನೆ ಕಟ್ಟಿದ್ದ, ಗೃಹಪ್ರವೇಶಕ್ಕೆ ಹೊರಟಿದ್ದೆವು. ಒಂದು ಬಲ ತಿರುವಿನಲ್ಲಿ ರಸ್ತೆಯ ಮೇಲೆ ಜಲ್ಲಿ ಚೆಲ್ಲಿತ್ತು. ನಾನು ಕಾಲಿನ ಬ್ರೇಕನ್ನು ಒತ್ತಿದೆ. ಗಾಡಿ ಹಿಂದಿನಿಂದ ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೇ. ಅವಳ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಹೊಸೂರಿನ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಕೆಲವು ತಿಂಗಳು ನಾನು ಮುದ್ದೆ ತಿರುವಿದೆ, ಗಂಟುಗಂಟಾದದ್ದನ್ನು ಮಕ್ಕಳು ಮಾತಾಡದೆ ತಿಂದರು. ಆಮೇಲೆ ಅವಳು ಎಡಗೈಯಲ್ಲಿ ತಿರುವುವುದನ್ನು ಕಲಿತಳು.

ಅವತ್ತಿನಿಂದ ಅವಳು ನನ್ನ ಗಾಡಿ ಹತ್ತಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಎಲ್ಲಿಗಾದರೂ ಹೊರಟರೆ, "ನೀವು ಹೋಗಿ, ನಾನ್ ಬಸ್ಸಲ್ಲಿ ಬತ್ತೀನಿ" ಅನ್ನುವಳು. ಬಾಗಲೂರಿನಲ್ಲಿ ಅವಳ ತವರು. ಅಲ್ಲಿಗೆ ಹೋಗುವಾಗ ಅವಳು ಬಸ್ಸಿನಲ್ಲಿ, ನಾನು ಬಸ್ಸಿನ ಹಿಂದೆ ಬೈಕಿನಲ್ಲಿ. ಬಸ್ಸು ನಿಂತಲ್ಲೆಲ್ಲ ನಾನೂ ನಿಲ್ಲುತ್ತಿದ್ದೆ. ಕಂಡಕ್ಟರಿಗೆ ನನ್ನ ಗುರುತು ಸಿಕ್ಕಿ ಹಿಂದಿನ ಗಾಜಿನಿಂದ ಕೈ ಬೀಸುತ್ತಿದ್ದ. ಒಂದೇ ಮದುವೆಗೆ ಗಂಡ ಹೆಂಡತಿ ಎರಡು ವಾಹನದಲ್ಲಿ ಬಂದಿಳಿದರೆ ನೆಂಟರು ಏನೆಂದುಕೊಳ್ಳುತ್ತಾರೆ ಅಂತ ಒಮ್ಮೆ ರೇಗಿದೆ. "ಬೇಗ ಬಂದ್ರು, ತಡವಾಗಿ ಬಂದ್ಲು ಅಂದ್ಕೋತಾರೆ" ಅಂದಳು. ಹೀಗೆ ಮೂರು ವರ್ಷ ನಡೆಯಿತು. ಅವಳ ಜೊತೆ ಎಲ್ಲಿಗೂ ಹೋಗಲಾರದವನಾದೆ ಎಂಬ ಸಂಕಟ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಮಾಸ್ಟರ್ ಹತ್ತಿರ ನಾನು ಹೋದದ್ದು ಗಾಡಿ ಓಡಿಸುವುದನ್ನು ಕಲಿಯಲು ಅಲ್ಲ. ಅವಳು ಮತ್ತೆ ನನ್ನ ಹಿಂದೆ ಕೂರಬೇಕು, ಅದಕ್ಕೆ.

ಮೊದಲ ಭಾನುವಾರ ನನ್ನ ಕಥೆ ಕೇಳಿ ಮಾಸ್ಟರ್ ಒಂದೇ ಪ್ರಶ್ನೆ ಕೇಳಿದರು. "ಎಲ್ ಕೆಲ್ಸ?"

ಬ್ರೇಕಿನ ಡಿಸ್ಕ್ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಅಂದೆ.

"ಮುಂದಿನ್ ಬ್ರೇಕ್ ಯಾಕ್ ಹಿಡಿಲಿಲ್ಲ?"

"ಮುಂದಿನದು ಹಿಡಿದ್ರೆ ಪಲ್ಟಿ ಹೊಡಿತೀವಿ ಅಂತ ನಮ್ಮಪ್ಪ ಹೇಳಿದ್ರು ಮಾಸ್ಟ್ರೇ."

ಅವರು ನಗಲಿಲ್ಲ. ಹತ್ತಿರ ನಿಂತಿದ್ದವರು ನಕ್ಕರು. ಯೋಚನೆ ಮಾಡಿದರೆ ನಗುವಂಥದ್ದೇ. ದಿನಕ್ಕೆ ನೂರಾರು ಮುಂದಿನ ಚಕ್ರದ ಡಿಸ್ಕುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದು ಪಾಸು ಮಾಡುವವನು ನಾನು. ಸಂಜೆ ಗೇಟಿನಿಂದ ಹೊರಬಿದ್ದರೆ ಬಲಗೈಯ ಆ ಬ್ರೇಕನ್ನು ಇಪ್ಪತ್ತು ವರ್ಷ ಮುಟ್ಟಿಯೇ ಇರಲಿಲ್ಲ. ನಮ್ಮ ಕಂಪನಿಯಲ್ಲಿ ನನ್ನ ಹಾಗೆ ಇನ್ನೂ ಎಷ್ಟು ಜನ ಇದ್ದಾರೋ. ಊರಿಂದ ಬರುವಾಗ ಅಪ್ಪಂದಿರ ಮಾತನ್ನು ಗಂಟು ಕಟ್ಟಿಕೊಂಡು ಬಂದವರೇ ನಾವೆಲ್ಲ.

ಮಾಸ್ಟರ್ ಪಾಠ ಹೇಳುವ ಕ್ರಮವೂ ಗೊಂದಲದ್ದೇ. ಕಲಿಸುವುದು ಕನ್ನಡದಲ್ಲಿ, ಬೈಯುವುದು ತಮಿಳಿನಲ್ಲಿ, ಯಾರಾದರೂ ಬಿದ್ದರೆ ಸಮಾಧಾನ ಹೇಳುವುದು ತೆಲುಗಿನಲ್ಲಿ. ಬೇರಿಕೆಯವರಿಗೆ ಮೂರೂ ಮನೆಯ ಭಾಷೆಯೇ. ಮೊದಲಿಗೆ ಪ್ರತಿ ಗಾಡಿಯ ಸುತ್ತ ಒಂದು ಸುತ್ತು ಬಂದು ಟೈರನ್ನು ಬರಿಗೈಯಿಂದ ಸವರುತ್ತಿದ್ದರು, ಸಂತೆಯಲ್ಲಿ ಎತ್ತು ಕೊಳ್ಳುವವರು ಕಾಲು ಸವರಿ ನೋಡುವ ಹಾಗೆ. ಎಳನೀರಿನ ಬುರುಡೆಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಎಂಟರ ಆಕಾರದಲ್ಲಿ ಕಾಲು ಕೆಳಗಿಡದೆ ಓಡಿಸಿ ಅನ್ನುತ್ತಿದ್ದರು. ಆಮೇಲೆ ನಮಗೆ ಬೆನ್ನು ತಿರುಗಿಸಿ, ರಸ್ತೆಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದರು. ನೋಡುತ್ತಲೇ ಇರಲಿಲ್ಲ. ಆದರೂ, "ಯಾವನ್ಲಾ ಅವ್ನು ಕ್ಲಚ್ ಅಷ್ಟ್ ಬೇಗ ಬಿಟ್ಟಿದ್ದು" ಅಂತ ಕೂಗು ಬರುತ್ತಿತ್ತು. ಬರೀ ಸದ್ದು ಕೇಳಿ ಯಾರ ಕೈ ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದರು. ಯಾಕೆ ನೋಡುವುದಿಲ್ಲ ಅಂತ ನರ್ಸ್ ಒಮ್ಮೆ ಕೇಳಿದರು. "ನೋಡಿದ್ರೆ ಕೈ ತುರಿಸ್ತದೆ ತಾಯಿ" ಅಂದರು. ಆವಾಗ ಅದು ನಮ್ಮನ್ನು ಹೊಡೆಯಬೇಕು ಅಂತ ಅವರಿಗೆ ಅನ್ನಿಸುತ್ತದೆ ಎಂಬ ಅರ್ಥದಲ್ಲಿ ಕೇಳಿಸಿತ್ತು.

"ನೀನ್ ಎಲ್ ನೋಡ್ತೀಯೋ ಗಾಡಿ ಅಲ್ಲಿಗೇ ಹೋಯ್ತದೆ" ಎಂಬುದು ಅವರು ಪ್ರತಿ ಭಾನುವಾರ ಹೇಳುತ್ತಿದ್ದ ಮಾತು. ಹಳ್ಳ ನೋಡಿದರೆ ಹಳ್ಳಕ್ಕೆ, ಜಲ್ಲಿ ನೋಡಿದರೆ ಜಲ್ಲಿಗೆ. ತಿರುವಿನಲ್ಲಿ ಕಣ್ಣು ತಿರುವಿನ ಕೊನೆಯಲ್ಲಿರಬೇಕು. ಇದು ನನಗೆ ತಿಳಿಯಿತು, ಮತ್ತು ತಿಳಿದ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಅಂಚೆಟ್ಟಿ ತಿರುವಿನಲ್ಲಿ ನಾನು ದಿಟ್ಟಿಸಿ ನೋಡಿದ್ದು ಜಲ್ಲಿಯನ್ನೇ.

ಇನ್ನೊಂದು ಪಾಠ ಮಾತ್ರ ನನ್ನನ್ನು ಪೂರಾ ಕೆಡಿಸಿತು. ವೇಗದಲ್ಲಿ ಎಡಕ್ಕೆ ಹೋಗಬೇಕಾದರೆ ಎಡಗೈಯ ಹಿಡಿಯನ್ನು ಮುಂದಕ್ಕೆ ತಳ್ಳಬೇಕು ಅಂದರು. ತಳ್ಳಿದರೆ ಹ್ಯಾಂಡಲ್ ಬಲಕ್ಕೆ ತಿರುಗುತ್ತದಲ್ಲ ಮಾಸ್ಟ್ರೇ ಅಂದೆ. "ತಿರುಗ್ತದೆ. ಗಾಡಿ ಎಡಕ್ಕೆ ಬಗ್ತದೆ, ಎಡಕ್ಕೇ ಹೋಯ್ತದೆ." ಅದು ಹೇಗೆ ಸಾಧ್ಯ ಅಂತ ಕಾಗದದ ಮೇಲೆ ಗೆರೆ ಹಾಕಿದೆ. "ಇಪ್ಪತ್ ವರ್ಷದಿಂದ ನೀನೂ ಅದನ್ನೇ ಮಾಡ್ತಾ ಇದೀಯ ಕಣಪ್ಪ, ನಿಂಗ್ ಗೊತ್ತಿಲ್ಲ ಅಷ್ಟೆ" ಅಂದರು. ನನಗೆ ಗೊತ್ತಿಲ್ಲದೆ ನಾನೇ ಏನೋ ಮಾಡುತ್ತಿದ್ದೇನೆ ಎಂಬುದು ಅಳತೆಯ ಕೆಲಸದವನಿಗೆ ಸಹಿಸುವ ಮಾತಲ್ಲ. ಸೋಮವಾರ ಕಂಪನಿಗೆ ಹೋಗುವಾಗ ಯಾವ ಕೈ ಯಾವ ಕಡೆ ತಳ್ಳುತ್ತಿದೆ ಅಂತ ಗಮನಿಸುತ್ತಾ ಹೋಗಿ, ಗೇಟಿನ ಮುಂದೆ ಸೆಕ್ಯೂರಿಟಿಯವರ ಎದುರಿಗೇ ಬಿದ್ದೆ. ಮೊದಲು ಬರುತ್ತಿದ್ದದ್ದೂ ಹೋಯಿತು. ಹೆಂಡತಿಗೆ ಹೇಳಲಿಲ್ಲ. ಪ್ಯಾಂಟಿನ ಮಂಡಿ ನೋಡಿ ಅವಳಿಗೇ ಗೊತ್ತಾಯಿತು.

ಅದು ಹೇಗೋ ಎಂಟು ಹತ್ತು ವಾರದ ಮೇಲೆ ಎಲ್ಲವೂ ಕೈಗೆ ಹತ್ತಿತು. ಮುಂದಿನ ಬ್ರೇಕನ್ನು ಹಣ್ಣು ಹಿಸುಕುವ ಹಾಗೆ ನಿಧಾನವಾಗಿ ಹಿಡಿಯುವುದು ಬಂತು. ಬುರುಡೆಗಳ ನಡುವೆ ಕಾಲಿಡದೆ ಓಡಿಸುವುದೂ ಬಂತು. ಬೆನ್ನು ತಿರುಗಿಸಿ ನಿಂತ ಮಾಸ್ಟರ್ ನನ್ನ ಸರದಿಯಲ್ಲಿ ಸುಮ್ಮನಿರತೊಡಗಿದರು. ಅವರ ಕಡೆಯಿಂದ ಅದಕ್ಕಿಂತ ಹೆಚ್ಚಿನ ಹೊಗಳಿಕೆ ಯಾರಿಗೂ ಸಿಕ್ಕಿದ್ದಿಲ್ಲ.

ಉಳಿದದ್ದು ಪರೀಕ್ಷೆ. ಮಾಸ್ಟರ್ ಪರೀಕ್ಷೆಯನ್ನು ತಾವು ಮಾಡುತ್ತಿರಲಿಲ್ಲ. ಅರ್ಧ ಹಾಳೆಯ ಒಂದು ಸರ್ಟಿಫಿಕೇಟ್ ಮಾಡಿಸಿದ್ದರು. ಅದರಲ್ಲಿ ಅವರ ಸಹಿಗೆ ಜಾಗವೇ ಇರಲಿಲ್ಲ. ಕೆಳಗಡೆ ಮೂರು ಭಾಷೆಯಲ್ಲಿ 'ಹಿಂದೆ ಕೂತವರ ಸಹಿ' ಅಂತ ಒಂದು ಗೆರೆ. ದಿನಾ ನಮ್ಮ ಹಿಂದೆ ಕೂರುವವರನ್ನು ಕರೆತರಬೇಕು, ಕೂರಿಸಿಕೊಂಡು ಲೇಔಟಿನಲ್ಲಿ ಸುತ್ತು ಹಾಕಬೇಕು, ಇಳಿದ ಮೇಲೆ ಅವರಿಗೆ ಮನಸ್ಸಾದರೆ ಸಹಿ ಹಾಕುತ್ತಾರೆ. "ಓಡ್ಸೋನ್ಗೆ ನಾನೇನ್ ಮಾರ್ಕ್ ಹಾಕೋದು. ಅವ್ನ್ ಹೆಂಗ್ ಓಡಿಸ್ತಾನೆ ಅನ್ನೋದು ಹಿಂದೆ ಕೂತೋರ್ಗೆ ಗೊತ್ತು." ಏಜೆಂಟರ ತಾಯಿ ಹೆಬ್ಬೆಟ್ಟು ಒತ್ತಿದರು. ಒಬ್ಬಾತ ಗೆಳೆಯನನ್ನು ಕರೆದುಕೊಂಡು ಬಂದ. "ಇವ್ರು ದಿನಾ ನಿನ್ ಹಿಂದೆ ಕೂತ್ಕೋತಾರಾ?" ಅಂತ ಕೇಳಿ ವಾಪಸು ಕಳಿಸಿದರು.

ನನ್ನ ಹೆಂಡತಿಯನ್ನು ಒಪ್ಪಿಸಲು ನನಗೆ ಎರಡು ವಾರ ಹಿಡಿಯಿತು. ಕೊನೆಗೆ ಬರುತ್ತೇನೆ ಅಂದಳು, ಬಸ್ಸಿನಲ್ಲಿ. ಉಳಿದವರೆಲ್ಲ ಹೋದ ಮೇಲೆ ಲೇಔಟಿನಲ್ಲಿ ನಾವು ಮೂವರೇ ಉಳಿದೆವು. ಮೊದಲು ನಾನೊಬ್ಬನೇ ಓಡಿಸಿ ತೋರಿಸಿದೆ. ತಿರುವು, ಬ್ರೇಕು, ಎಂಟರ ಆಕಾರ, ಒಂದೂ ಬಿಡದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಓಡಿಸಿರಲಿಲ್ಲ. ಗಾಡಿ ತಂದು ಅವಳ ಮುಂದೆ ನಿಲ್ಲಿಸಿದೆ. ಅವಳು ಹತ್ತಿರ ಬಂದಳು, ಸೀಟಿನ ಮೇಲೆ ಎಡಗೈ ಇಟ್ಟಳು, ಹಾಗೇ ನಿಂತಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

"ಮಾಸ್ಟ್ರೇ, ಇವ್ರು ಚೆನ್ನಾಗೇ ಕಲ್ತವ್ರೆ. ನೋಡ್ದೆ. ಆದ್ರೂ ನನ್ ಕೈಲಾಗಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಈ ಲೇಔಟಲ್ಲಿ ಜಲ್ಲಿ ಎಲ್ಲೈತೆ ತೋರ್ಸು. ಒಂದ್ ಕಲ್ ತೋರ್ಸು" ಅಂದೆ.

"ನೀನ್ ಸುಮ್ನಿರಪ್ಪ" ಅಂದರು ಮಾಸ್ಟರ್. ಅವಳನ್ನು ಒತ್ತಾಯಿಸಲಿಲ್ಲ. "ಸರಿ ತಾಯಿ, ಅಲ್ಲಿ ನೆರಳಲ್ಲಿ ನಿಂತ್ಕೊ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಯಾವತ್ತಾದ್ರೂ ಯಾರ್ ಹಿಂದಾದ್ರೂ ಕೂತಿದೀಯಾ?" ಅಂತ ಕೇಳಿದರು.

ಯೋಚಿಸಿ ನೋಡಿದೆ. ಚಿಕ್ಕವನಿದ್ದಾಗ ಅಪ್ಪನ ಗಾಡಿಯಲ್ಲಿ ಟ್ಯಾಂಕಿನ ಮೇಲೆ ಕೂರುತ್ತಿದ್ದೆ. ದೊಡ್ಡವನಾದ ಮೇಲೆ ಗೆಳೆಯರ ಗಾಡಿಯಾದರೂ ಬೀಗದ ಕೈ ಕಿತ್ತುಕೊಂಡು ನಾನೇ ಓಡಿಸುತ್ತಿದ್ದೆ. "ಇಲ್ಲ ಮಾಸ್ಟ್ರೇ."

ಮಾಸ್ಟರ್ ಚೀಲದಿಂದ ಹೆಲ್ಮೆಟ್ ತೆಗೆದು ಹಾಕಿಕೊಂಡರು. ಅಷ್ಟು ತಿಂಗಳಲ್ಲಿ ಅದು ಅವರ ತಲೆಯ ಮೇಲೆ ಕೂತದ್ದನ್ನು ಅವತ್ತೇ ನೋಡಿದ್ದು. ನನ್ನ ಗಾಡಿಯ ಮೇಲೆ ಕೂತು, ಕಾಲಿನಿಂದ ಸ್ಟ್ಯಾಂಡ್ ಮೇಲೆತ್ತಿ, "ಕೂತ್ಕೊ" ಅಂದರು.

ಕೂತೆ. ಇಲ್ಲಿಂದ ಮುಂದಿನದನ್ನು ಬರೆಯುವುದೇ ಕಷ್ಟ. ಗಾಡಿ ಹೊರಟಿತು. ನನ್ನ ಎದುರಿಗೆ ಒಂದು ಹೆಲ್ಮೆಟ್ಟಿನ ಹಿಂಭಾಗ, ಅದರಾಚೆ ಏನಿದೆಯೋ ತಿಳಿಯದು. ಯಾವಾಗ ಗೇರ್ ಬದಲಾಗುತ್ತದೆ, ಯಾವಾಗ ತಿರುಗುತ್ತಾರೆ, ಯಾವಾಗ ನಿಲ್ಲಿಸುತ್ತಾರೆ, ಯಾವುದೂ ನನ್ನ ಕೈಯಲ್ಲಿಲ್ಲ. ಬಲಗಾಲು ತಾನಾಗಿ ಬ್ರೇಕ್ ಹುಡುಕುತ್ತಾ ಫುಟ್‌ರೆಸ್ಟನ್ನು ಒತ್ತುತ್ತಿತ್ತು. ಮೊದಲ ತಿರುವು ಹೇಳದೆ ಕೇಳದೆ ಬಂತು. ನಾನು ಕಣ್ಣು ಮುಚ್ಚಿದೆ. ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ನಿಧಾನ, ನಿಧಾನ ಮಾಸ್ಟ್ರೇ" ಅಂತ ಯಾರೋ ಅನ್ನುತ್ತಿದ್ದರು, ನಾನೇ. ಮದುವೆಯಾದಾಗಿನಿಂದ ನನ್ನ ಬೆನ್ನ ಹಿಂದೆ ಕೇಳುತ್ತಿದ್ದ ಮಾತು ಅದು. "ನಿಂಗೇನ್ ಗೊತ್ತಾಯ್ತದೆ ಸುಮ್ನೆ ಕೂತ್ಕೊ" ಅಂತ ನಾನು ಪ್ರತಿ ಸಲ ಹೇಳುತ್ತಿದ್ದೆ. ಅಂಚೆಟ್ಟಿ ಘಾಟಿಯಲ್ಲೂ ಹೇಳಿದ್ದೆ, ಬೀಳುವುದಕ್ಕೆ ಎರಡು ತಿರುವು ಮೊದಲು.

ಎರಡು ಸುತ್ತಂತೆ. ಗಾಡಿ ನಿಂತದ್ದೂ ನನಗೆ ಗೊತ್ತಾಗಲಿಲ್ಲ. "ಇಳಿಯಪ್ಪ" ಅಂದಾಗ ಕಣ್ಣು ಬಿಟ್ಟೆ. ಮಾಸ್ಟರ್ ಗಾಡಿ ಇಳಿದು, ನನಗೂ ನನ್ನ ಹೆಂಡತಿಗೂ ಬೆನ್ನು ಮಾಡಿ ಸುಮಾರು ಹೊತ್ತು ನಿಂತಿದ್ದರು. ಆಮೇಲೆ ಹೆಲ್ಮೆಟ್ ಚೀಲಕ್ಕೆ ಹಾಕಿಕೊಂಡು, "ಇವತ್ತಿಗ್ ಸಾಕು" ಅಂದು ಬಸ್‌ಸ್ಟಾಪಿನ ಕಡೆ ನಡೆದರು.

ಅವತ್ತು ಸಂಜೆ ಹೆಂಡತಿ ಮುದ್ದೆ ತಿರುವುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ. "ಜಲ್ಲಿದಲ್ಲ. ತಪ್ಪು ನಂದೇ." ಮೂರು ವರ್ಷ ಎಲ್ಲರಿಗೂ ಜಲ್ಲಿಯ ಕಥೆ ಹೇಳಿಕೊಂಡು ಬಂದಿದ್ದೆ. "ಗೊತ್ತು" ಅಂದಳು. ತಟ್ಟೆ ಕೊಡಿ ಅಂದಳು. ಅಷ್ಟೇ.

ಅದಾದ ಮೇಲೂ ಅವಳು ಗಾಡಿ ಹತ್ತಲಿಲ್ಲ. ಇದು ನನಗೆ ಅರ್ಥವೇ ಆಗಲಿಲ್ಲ. ಓಡಿಸುವುದನ್ನು ಕಲಿತೆ, ತಪ್ಪು ಒಪ್ಪಿಕೊಂಡೆ, ಇನ್ನೇನು ಬೇಕು ಇವಳಿಗೆ? ಮಾಸ್ಟರನ್ನೇ ಕೇಳಿದೆ. "ನಂಗ್ ಹೆಂಗ್ ಗೊತ್ತಾಯ್ತದಪ್ಪ" ಅಂದರು. ಆ ಎರಡು ಸುತ್ತಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬೇರೆಯವರಿಗೆ ನಾನೂ ಹೇಳಲಿಲ್ಲ. ಮುಂದಿನ ಭಾನುವಾರ ಎಂದಿನಂತೆ ಬಸ್ಸಿನಿಂದ ಇಳಿದು, ಟೈರು ಸವರಿ, ಬೆನ್ನು ತಿರುಗಿಸಿ ನಿಂತರು.

ಎಂಟು ತಿಂಗಳ ಮೇಲೆ ಒಂದು ದಿನ ಗುಂಪಿನಲ್ಲಿ ಸುದ್ದಿ ಬಂತು. ಸಕ್ಕರೆ ಕಾಯಿಲೆ ಇತ್ತು, ಎರಡು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. ಮಣ್ಣಿಗೆ ಹೋಗಲು ನನಗೆ ಶಿಫ್ಟ್ ಬಿಡಲಿಲ್ಲ. ಆ ಭಾನುವಾರ ಬೇರಿಕೆಯ ಅವರ ಮನೆಗೆ ಹೊರಟೆ. "ನಾನೂ ಬತ್ತೀನಿ" ಅಂದಳು ಹೆಂಡತಿ. ಅವಳು ಬಸ್ಸಿನಲ್ಲಿ, ನಾನು ಹಿಂದೆ.

ಸಂತೆ ಬೀದಿಯ ಹಿಂದೆ ಚಿಕ್ಕ ಮನೆ. ಮಾಸ್ಟರ ಹೆಂಡತಿ ಜಗುಲಿಯ ಮೇಲೆ ಕೂತಿದ್ದರು. ನಮಗೆ ಚಾಪೆ ಹಾಕಿಸಿ, ನೀರು ಕೊಡಿಸಿ, ತಾವಾಗಿಯೇ ಮಾತಿಗೆ ತೊಡಗಿದರು. ಮೂವತ್ತು ವರ್ಷ ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬಸ್ಸು ಬರುವವರೆಗೆ ಈ ಜಗುಲಿಯ ಮೇಲೇ ಕೂತಿರುತ್ತಿದ್ದರಂತೆ. ಎರಡು ಸಲ ಕಾಲು ಮುರಿದುಕೊಂಡು ಕಂಪನಿಯ ವ್ಯಾನಿನಲ್ಲಿ ಬಂದದ್ದುಂಟು. ರಿಟೈರ್ ಆದ ದಿನ ಹಾರ ಹಾಕಿಕೊಂಡು ಮನೆಗೆ ಬಂದವರನ್ನು ಒಂದೇ ಒಂದು ಕೇಳಿದರಂತೆ. "ಇನ್ನ್ ಗಾಡಿ ಮುಟ್ಬೇಡಿ, ನನ್ ಮೇಲೆ ಆಣೆ ಅಂದೆ. ಆಯ್ತು ಕಣೇ ಅಂದ್ರು. ಆಮೇಲೆ ಎಲ್ ಹೋದ್ರೂ ಇಬ್ರೂ ಬಸ್ಸಲ್ಲೇ. ನಂಗ್ ಕಿಟಕಿ ಸೀಟು ಬಿಡೋರು."

ಮಂಡಿ, ಕಣ್ಣು, ಲೈಸೆನ್ಸು, ಸತ್ತವನ ಕಥೆ, ಎಲ್ಲ ಒಂದೇ ಮಾತಿನಲ್ಲಿ ಬಿದ್ದುಹೋಯಿತು. ನಾನು ನೆಲ ನೋಡುತ್ತಾ ಕೂತೆ. ಹೆಂಡತಿಯೂ ನನ್ನ ಕಡೆ ನೋಡಲಿಲ್ಲ.

ಆ ತಾಯಿಯೇ ಮಾತು ಮುಂದುವರಿಸಿದರು. "ಒಂದ್ ಭಾನುವಾರ ತಡವಾಗಿ ಬಂದ್ರು. ಊಟಕ್ ಕೂತ್ಕೊಂಡು ಸುಮ್ಸುಮ್ನೆ ನಗ್ತಿದ್ರು. ಏನು ಅಂದ್ರೆ ಏನಿಲ್ಲ ಅಂದ್ರು. ಆವತ್ತೇ ಅಂದ್ಕೊಂಡೆ." ನನ್ನನ್ನು ನೇರವಾಗಿ ನೋಡಿದರು. "ಓಡ್ಸಿದ್ರಾ ಅಪ್ಪಾ? ನೀನ್ ಹೇಳು."

ಹೌದು ಅಂದರೆ ಮಾಸ್ಟರು ಆಣೆ ಮುರಿದವರಾಗುತ್ತಾರೆ, ಅದೂ ನನಗೋಸ್ಕರ. ಇಲ್ಲ ಅಂದರೆ ಆ ನಗು ಯಾಕೆ ಬಂತು ಅಂತ ಆಕೆ ಬದುಕಿರುವವರೆಗೂ ಯೋಚಿಸುತ್ತಾ ಕೂರಬೇಕು. ಯಾವುದನ್ನು ಕೇಳಲು ಆಕೆಗೆ ಇಷ್ಟ ಎಂಬುದೂ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

"ಹೂನಮ್ಮ" ಅಂದಳು ನನ್ನ ಹೆಂಡತಿ. "ಎರಡ್ ಸುತ್ತು ಓಡ್ಸಿದ್ರು. ಇವ್ರನ್ನ ಹಿಂದೆ ಕೂರಿಸ್ಕೊಂಡು."

ಆಕೆ ಬೈಯಲಿಲ್ಲ, ಅಳಲಿಲ್ಲ. "ಮಾತ್ ಕೊಟ್ಟಿದ್ರು" ಅಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಆಮೇಲೆ ನನ್ನ ಕಡೆ ಬಾಗಿದರು. "ಹೆಂಗ್ ಓಡ್ಸಿದ್ರಪ್ಪ? ಅಷ್ಟ್ ವರ್ಷ ಆ ಕಾಂಪೌಂಡ್ ಒಳ್ಗೆ ಓಡ್ಸಿದ್ರು, ನಾನ್ ಒಂದ್ ದಿನಾನೂ ನೋಡ್ಲಿಲ್ಲ. ನೀನ್ ಹಿಂದೇನೇ ಕೂತಿದ್ದೆ. ಹೇಳು."

ಮಾಸ್ಟರ್ ಗಾಡಿ ಓಡಿಸಿದ್ದನ್ನು ಹತ್ತಿರದಿಂದ ಕಂಡಿರಬೇಕಾದ ಶಿಷ್ಯ ನಾನೊಬ್ಬನೇ. ಏನು ಹೇಳಲಿ ಆ ತಾಯಿಗೆ? "ಕಣ್ ಮುಚ್ಕೊಂಡಿದ್ದೆ ಅಮ್ಮ" ಅಂದೆ. ಅಂದವನಿಗೆ ಅಳು ಬಂದುಬಿಟ್ಟಿತು.

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೋ ಏನೋ ಅಂತ ನನಗೆ ಗಾಬರಿ. ನಗುತ್ತಲೇ ಇದ್ದರು, ಕಣ್ಣಲ್ಲಿ ನೀರೂ ಇತ್ತು. "ಮದ್ವೆ ಆದ್ ಹೊಸ್ದ್ರಲ್ಲಿ ನಾನೂ ಅಷ್ಟೇ ಕಣಪ್ಪ. ಕಣ್ ಮುಚ್ಕೊಂಡೇ ಕೂತ್ಕೋತಿದ್ದೆ. ಕಣ್ ಬಿಡ್ಲೇ ಇಲ್ಲ."

ಹೇಗೆ ಓಡಿಸಿದರು ಅಂತ ಹೇಳಿದವಳು ನನ್ನ ಹೆಂಡತಿ. "ಮೊದಲ್ನೇ ಸುತ್ತು ನಿಧಾನಕ್ ಹೋದ್ರಮ್ಮ, ಸೈಕಲ್ ಹೋಗೋ ಹಂಗೆ. ಇವ್ರಿಗೆ ಅಂತ. ಎರಡನೇದು ಬೇರೆ ಥರ. ತಿರುವಲ್ಲಿ ಗಾಡಿ ಹಂಗೇ ಮಲಗ್ತಿತ್ತು, ಹಂಗೇ ಏಳ್ತಿತ್ತು. ಅವ್ರ್ ಮೈ ಅಲ್ಲಾಡ್ತಿರ್ಲಿಲ್ಲ. ನಂಗ್ ಭಯಾನೇ ಆಗ್ಲಿಲ್ಲ ನೋಡೋಕೆ." ಆಕೆ ಎರಡನೆಯ ಸುತ್ತನ್ನು ಇನ್ನೊಮ್ಮೆ ಹೇಳು ಅಂದರು. ಹೇಳಿದಳು.

ಮಾಸ್ಟರ್ ನನಗೆ ಪಾಠ ಕಲಿಸಲು ಮಾತು ಮುರಿದರೋ, ಅಥವಾ ಮಾತು ಮುರಿಯಲು ನಾನೊಂದು ನೆಪವಾಗಿ ಸಿಕ್ಕಿದೆನೋ, ನನಗೆ ಗೊತ್ತಿಲ್ಲ. ಮೊದಲ ಸುತ್ತು ನನಗೆ ಅಂತ ಒಪ್ಪುತ್ತೇನೆ. ಎರಡನೆಯದು ಯಾರಿಗೆ?

ಹೊರಗೆ ಬಂದಾಗ ಹೊಸೂರಿನ ಬಸ್ಸು ಬಂದು ನಿಂತಿತ್ತು. ಹೆಂಡತಿ ಅದರ ಕಡೆ ಹೊರಟಳು. ನಾನು ಬೀಗದ ಕೈ ಹಿಡಿದು ಗಾಡಿಯ ಹತ್ತಿರ ನಿಂತೆ. ಎರಡು ಹೆಜ್ಜೆ ಅವಳ ಹಿಂದೆ ಹೋದೆ, ತಿರುಗಿ ಗಾಡಿಯ ಹತ್ತಿರ ಬಂದೆ, ಮತ್ತೆ ಹೋದೆ.

"ನಾನೂ ಬಸ್ಸಲ್ಲೇ ಬರ್ಲಾ?" ಅಂದೆ.

ಅವಳು ನಿಂತಳು. "ಗಾಡಿ?"

"ಇಲ್ಲೇ ಇರ್ಲಿ. ನಾಳೆ ತಗೊಂಡ್ ಹೋಗ್ತೀನಿ."

ಅವಳು ನನ್ನ ಮುಖ ನೋಡಿದಳು, ಬಸ್ಸು ಹತ್ತಿದಳು. ಕಿಟಕಿಯ ಕಡೆ ಅವಳು, ಪಕ್ಕದಲ್ಲಿ ನಾನು. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನನಗೊಂದು ತೆಗೆದುಕೊಂಡೆ. ಕ್ಲಚ್ಚು, ಬ್ರೇಕು, ಎಡಗೈ ತಳ್ಳುವುದು, ಎಂಟರ ಆಕಾರ ಅಂತ ಎಷ್ಟು ಭಾನುವಾರ ಒದ್ದಾಡಿದೆ. ನಾನೇ ಬಸ್ಸು ಹತ್ತಿ ಇವಳ ಪಕ್ಕದಲ್ಲಿ ಕೂರಬಹುದು ಎಂಬುದು ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಬಾಗಲೂರು ದಾಟಿದ ಮೇಲೆ ಒಂದು ದೊಡ್ಡ ತಿರುವು ಬಂತು. ಬಸ್ಸು ವಾಲಿತು, ಅವಳು ನನ್ನ ಭುಜಕ್ಕೆ ಒರಗಿದಳು. ತಿರುವಿಗೆ ಒರಗಿದಳೋ ತಾನಾಗಿ ಒರಗಿದಳೋ ಗೊತ್ತಾಗಲಿಲ್ಲ. ತಿರುವು ಮುಗಿದು ರಸ್ತೆ ನೇರವಾಯಿತು. ಅವಳು ಹಾಗೇ ಇದ್ದಳು.